ಒಂದೇ ಮೆಟ್ಟು, ಎರಡು ವೇಷ

ಮಳೆಗಾಲ ಹಿಡಿದ ಮೇಲೆ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಸೊರಬದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಹೊಸಬಾಳೆ ಕಡೆಯಿಂದಲೋ ಚಂದ್ರಗುತ್ತಿ ಕಡೆಯಿಂದಲೋ ಬಂದ ಬಸ್ಸಿನಿಂದ ಹೈಸ್ಕೂಲು, ಕಾಲೇಜಿನ ಮಕ್ಕಳು ದುಡುದುಡು ಇಳಿಯುತ್ತಾರೆ. ಮೊಣಕಾಲವರೆಗೆ ಕೆಸರು, ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಇಳಿದವರು ನೇರವಾಗಿ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದು, ಚೀಲದಿಂದ ಶೂ ತೆಗೆದು ಹಾಕಿಕೊಂಡು, ಒದ್ದೆ ಚಪ್ಪಲಿಯನ್ನು ಅದೇ ಚೀಲಕ್ಕೆ ತುರುಕುತ್ತಾರೆ. ಸಂಜೆ ಇದೇ ಕೆಲಸ ತಿರುವುಮುರುವು. ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಮಲೆನಾಡಿನ ಮಕ್ಕಳು ಪುಸ್ತಕದ ಜೊತೆಗೆ ಒಂದು ಜೊತೆ ಪಾದರಕ್ಷೆಯನ್ನೂ ಹೊತ್ತು ತಿರುಗುತ್ತಾರೆ ಎಂದಾಯಿತು.

ಶೂ ಹಾಕಿಕೊಂಡೇ ಮನೆಯಿಂದ ಹೊರಡಬಾರದೇ ಎಂದು ಬೆಂಗಳೂರಿನವರು ಕೇಳಬಹುದು. ಗದ್ದೆಯ ಬದುವಿನ ಮೇಲೆ ಅರ್ಧ ಮೈಲಿ ನಡೆದು ಬಸ್ಸಿಗೆ ಬರುವ ಹುಡುಗನ ಶೂ ಒಮ್ಮೆ ನೆನೆದರೆ ಒಣಗುವುದು ಮೂರನೆಯ ದಿನಕ್ಕೆ, ಅದೂ ಒಲೆಯ ಪಕ್ಕ ಇಟ್ಟರೆ. ಒದ್ದೆ ಸಾಕ್ಸಿನೊಳಗೆ ಇಡೀ ದಿನ ಬೆಂದ ಬೆರಳಸಂದಿಗೆ ಕೆಸರುಹುಣ್ಣು ಖಾತ್ರಿ. ಬರಿಗಾಲಲ್ಲಿ ಬರೋಣವೆಂದರೆ ಅದು ಇನ್ನೂ ಅಪಾಯ. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗಿ, ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಗು ಯಾವಾಗಲೂ ಸುಸ್ತಾಗಿರುತ್ತದೆ, ಓದಿನಲ್ಲಿ ಆಸಕ್ತಿಯಿಲ್ಲ ಎಂದು ದೂರುವ ತಂದೆತಾಯಿ ಒಮ್ಮೆ ಅದರ ಕಾಲಿನ ಕಡೆಗೂ ನೋಡುವುದು ಒಳ್ಳೆಯದು.

ಕಳೆದ ಮಳೆಗಾಲದಲ್ಲಿ ಹೊಸಬಾಳೆಯ ಅಕ್ಕನ ಮನೆಗೆ ಹೋಗಿದ್ದೆ. ಮೊದಲ ಪಿಯುಸಿ ಓದುವ ಅಕ್ಕನ ಮಗ ಜಗಲಿಯ ಮೂಲೆಯಲ್ಲಿ ತನ್ನ ಹಳೆಯ ಕಪ್ಪು ಶೂವನ್ನು ಬ್ಲೇಡಿನಿಂದ ಕುಯ್ಯುತ್ತಾ ಕುಳಿತಿದ್ದ. ಏನೋ ಇದು ಎಂದರೆ, "ಮಾವ, ವಿಜ್ಞಾನ ಪ್ರದರ್ಶನಕ್ಕೆ. ಬೇಕಾದಾಗ ಶೂ, ಬೇಡವಾದಾಗ ಚಪ್ಪಲಿ" ಎಂದ. ಶೂವಿನ ಮುಂಭಾಗದ ಹೊದಿಕೆಯನ್ನು ಅಟ್ಟೆಯಿಂದ ಬಿಡಿಸಿ, ಸುತ್ತಲೂ ಟಿಚ್ ಬಟನ್ ಹೊಡೆದಿದ್ದ. ಬಟನ್ ಬಿಚ್ಚಿದರೆ ಬೆರಳು ಹೊರಗೆ, ಹಾಕಿದರೆ ಶೂ. ಜಗಲಿಯ ಮೇಲೆ ನಾಲ್ಕು ಹೆಜ್ಜೆ ನಡೆದೂ ತೋರಿಸಿದ. ನೋಡಲು ಸೊಗಸಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅದನ್ನೇ ಮೆಟ್ಟಿಕೊಂಡು ಬದುವಿನ ಮೇಲೆ ಹೊರಟ. ಹತ್ತು ಮಾರು ಹೋಗಿರಲಿಲ್ಲ, ಕೆಸರಿನಲ್ಲಿ ಹೂತ ಬಲಗಾಲನ್ನು ಎತ್ತಿದಾಗ ಹೊದಿಕೆ ಕಾಲಿನ ಜೊತೆ ಬಂತು, ಅಟ್ಟೆ ಗದ್ದೆಯಲ್ಲೇ ಉಳಿಯಿತು. ತೊಳೆದು ಮತ್ತೆ ಹಾಕೋಣವೆಂದರೆ ಬಟನ್ನಿನ ತೂತುಗಳ ತುಂಬ ಜೇಡಿಮಣ್ಣು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಭಾವ ನಗಲಿಲ್ಲ. "ಅಲ್ಲ ಮಾರಾಯ, ನಾನು ಇವನಿಗೆ ಸೈನ್ಸ್ ಕೊಡಿಸಿದ್ದು ಮೆಟ್ಟು ಹೊಲಿಯಕ್ಕಾ?" ಎಂದು ನನ್ನನ್ನು ಕೇಳಿದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹುಡುಗನ ಯೋಚನೆ ಹುಚ್ಚು ಯೋಚನೆಯೇನಲ್ಲ. ಒಂದೇ ವಸ್ತುವನ್ನು ಎರಡು ಮೂರು ಕೆಲಸಕ್ಕೆ ಒಗ್ಗಿಸುವುದು ಮಲೆನಾಡಿನವರಿಗೆ ಹೊಸದೇ? ಮಡಚಿ ತಲೆಗೆ ಹಾಕಿಕೊಂಡರೆ ಕೊಪ್ಪೆ, ಬಿಡಿಸಿ ಹೊದ್ದರೆ ರಾತ್ರಿಯ ಹೊದಿಕೆ, ಹಾಸಿದರೆ ಬಂದ ನೆಂಟರಿಗೆ ಕೂರಲು ಜಾಗ. ನಮ್ಮ ಕಂಬಳಿಗಿಂತ ದೊಡ್ಡ ಬಹುವೇಷಧಾರಿ ಯಾವುದಿದೆ? ಅಡಿಕೆ ಹಾಳೆಯ ಕಥೆಯೂ ಅದೇ. ಟೋಪಿಯಾಗುತ್ತದೆ, ಊಟದ ತಟ್ಟೆಯಾಗುತ್ತದೆ, ಮಕ್ಕಳು ಕುಳಿತು ಎಳೆಸಿಕೊಳ್ಳುವ ಗಾಡಿಯೂ ಆಗುತ್ತದೆ.

ಪಾದರಕ್ಷೆಯಲ್ಲಿಯೇ ಹುಡುಕಿದರೂ ಉದಾಹರಣೆ ಕಾಲಬುಡದಲ್ಲೇ ಇದೆ. ಹವಾಯಿ ಚಪ್ಪಲಿಯ ಅಟ್ಟೆಗೆ ಮೂರು ತೂತು, ಬಾರಿಗೆ ಮೂರು ಗುಬುಟು. ಉಂಗುಷ್ಟ ಕಿತ್ತರೆ ಅಟ್ಟೆ ಎಸೆಯುವುದಿಲ್ಲ, ಪೇಟೆಯಿಂದ ಹೊಸ ಬಾರು ತಂದು ಸಿಕ್ಕಿಸುತ್ತೇವೆ. ಬಿಳಿ ಅಟ್ಟೆಗೆ ನೀಲಿ ಬಾರು ಹೋಗಿ ಹಸಿರು ಬಾರು ಬಂದಿರುತ್ತದೆ. ಮೊಳೆಯಿಲ್ಲ, ಅಂಟಿಲ್ಲ, ಬಿಚ್ಚಲು ಆಯುಧ ಬೇಡ, ಕೆಸರಾದರೆ ತೊಳೆದರೆ ಮುಗಿಯಿತು. ಬಿಡಿಭಾಗ ಬದಲಿಸಬಹುದಾದ ಪಾದರಕ್ಷೆಯನ್ನು ಇದಕ್ಕಿಂತ ಸರಳವಾಗಿ ಮಾಡುವುದು ಕಷ್ಟ. ಆದರೂ ಇದನ್ನು ಯಾರೂ ವಿನ್ಯಾಸ ಎನ್ನುವುದಿಲ್ಲ. ಅಗ್ಗದ ವಸ್ತುವಿಗೆ ಆ ಮರ್ಯಾದೆ ಎಲ್ಲಿ ಸಿಗುತ್ತದೆ! ಜಪಾನಿನಲ್ಲಿ ಗೆಟಾ ಎಂಬ ಮರದ ಮೆಟ್ಟಿದೆ, ನಮ್ಮ ಹಾವುಗೆಯ ದೂರದ ನೆಂಟ. ಅದರ ಒಂದು ಬಗೆಯಲ್ಲಿ ಕೆಳಗಿನ ಎರಡು ಹಲ್ಲುಗಳನ್ನು ಬೇರೆಯಾಗಿ ಮಾಡಿ ಹಲಗೆಗೆ ಸಿಕ್ಕಿಸಿರುತ್ತಾರೆ. ಸವೆದರೆ ಹೊಸ ಹಲ್ಲು ಹಾಕಿದರಾಯಿತು.

ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದ ಕಥೆ ಫುಟ್‌ಬಾಲ್ ಮೈದಾನದ್ದು. 1954ರ ವಿಶ್ವಕಪ್ಪಿನ ಅಂತಿಮ ಪಂದ್ಯ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಎದುರಿಗೆ ನಾಲ್ಕು ವರ್ಷಗಳಿಂದ ಸೋಲನ್ನೇ ಕಾಣದ ಹಂಗೇರಿ. ಅದೇ ಹಂಗೇರಿ ಅದೇ ಕೂಟದ ಮೊದಲ ಸುತ್ತಿನಲ್ಲಿ ಪಶ್ಚಿಮ ಜರ್ಮನಿಗೆ ಎಂಟು ಗೋಲು ಬಾರಿಸಿತ್ತು. ಅಂತಿಮ ಪಂದ್ಯದ ದಿನ ಮಳೆ ಹಿಡಿಯಿತು, ಮೈದಾನವೆಲ್ಲ ಕೆಸರು. ಜರ್ಮನ್ ತಂಡದ ಜೊತೆ ಅಡಿ ಡಾಸ್ಲರ್ ಎಂಬ ಶೂ ತಯಾರಕ ಇದ್ದ. ಅಡಿಡಾಸ್ ಎಂಬ ಹೆಸರು ಬಂದಿರುವುದು ಅವನ ಹೆಸರಿನಿಂದಲೇ. ಅವನ ಬೂಟಿನ ಕೆಳಗಿನ ಗುಬುಟುಗಳು ತಿರುಪಿ ಬಿಚ್ಚುವಂಥವು. ಒಣ ನೆಲಕ್ಕೆ ಗಿಡ್ಡನೆಯವು, ಕೆಸರಿಗೆ ಉದ್ದನೆಯವು. ಆ ದಿನ ಉದ್ದನೆಯವನ್ನು ತಿರುಪಿದರು. ಪಂದ್ಯ ಪಶ್ಚಿಮ ಜರ್ಮನಿಗೆ 3-2. ಬೂಟಿನಿಂದಲೇ ಗೆದ್ದರು ಎನ್ನುವುದು ಸ್ವಲ್ಪ ಅತಿಯಾಯಿತು, ಆಡಿದವರು ಆಟಗಾರರೇ. ಆದರೆ ಕೆಸರಿನಲ್ಲಿ ಜಾರದೆ ನಿಲ್ಲುವುದು ಎಂಥ ಅನುಕೂಲ ಎಂಬುದನ್ನು ಹೊಸಬಾಳೆಯ ಬದುವಿನ ಮೇಲೆ ನಡೆದವರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು, ಎರಡನೆಯ ಮಹಾಯುದ್ಧದ್ದು. ಬ್ರಿಟಿಷ್ ವಿಮಾನ ಚಾಲಕರು ಆಕಾಶದ ಚಳಿಗೆ ಉಣ್ಣೆಯ ಒಳಪದರವಿದ್ದ ಎತ್ತರದ ಬೂಟು ಹಾಕುತ್ತಿದ್ದರು. ವಿಮಾನ ಶತ್ರುವಿನ ನೆಲದಲ್ಲಿ ಬಿದ್ದು ಜೀವ ಉಳಿದರೆ, ಆ ಬೂಟೇ ಅವರನ್ನು ಹಿಡಿದುಕೊಡುತ್ತಿತ್ತು. ಹಳ್ಳಿಯ ರಸ್ತೆಯಲ್ಲಿ ಅಂಥ ಬೂಟು ಹಾಕಿಕೊಂಡವನು ಯಾರೆಂದು ಮಗುವೂ ಹೇಳುತ್ತಿತ್ತು. ಬ್ರಿಟಿಷ್ ಗುಪ್ತಚರ ವಿಭಾಗದ ಕ್ಲೇಟನ್ ಹಟನ್ ಎಂಬಾತ ಇದಕ್ಕೊಂದು ಉಪಾಯ ಹೂಡಿದ. ಬೂಟಿನೊಳಗೆ ಸಣ್ಣ ಚಾಕು ಬಚ್ಚಿಟ್ಟ. ಕೆಳಗಿಳಿದ ಚಾಲಕ ಆ ಚಾಕುವಿನಿಂದ ಮೇಲಿನ ಕೊಳವೆಯನ್ನು ಹೊಲಿಗೆಯ ಗುಂಟ ಕತ್ತರಿಸಿದರೆ ಕಾಲಲ್ಲಿ ಉಳಿಯುವುದು ಊರಿನವರು ಹಾಕುವಂಥ ಸಾಧಾರಣ ಕಪ್ಪು ಶೂ. 1943ರ ಮಾದರಿ ಅದು. ಗಮನಿಸಬೇಕಾದ್ದೆಂದರೆ, ಈ ಬೂಟು ಒಂದೇ ಒಂದು ಸಲ ವೇಷ ಬದಲಿಸಿದರೆ ಸಾಕಿತ್ತು. ಮತ್ತೆ ಬೂಟಾಗುವ ಅಗತ್ಯವಿರಲಿಲ್ಲ. ಆದ್ದರಿಂದ ಕೆಲಸ ಸುಲಭವಾಯಿತು. ನಮ್ಮ ಹುಡುಗನ ಮೆಟ್ಟು ದಿನಕ್ಕೆರಡು ಸಲ ಬದಲಾಗಬೇಕು, ವರ್ಷವಿಡೀ.

ಹೆಂಗಸರ ಎತ್ತರದ ಹೀಲಿನ ಚಪ್ಪಲಿಯನ್ನು ಚಪ್ಪಟೆ ಮಾಡುವ ಪ್ರಯತ್ನಗಳಂತೂ ಲೆಕ್ಕವಿಲ್ಲದಷ್ಟು ನಡೆದಿವೆ. ಮದುವೆಮನೆಯಲ್ಲಿ ಎರಡು ಗಂಟೆ ನಿಂತು ಪಾದ ಹಿಡಿದುಕೊಂಡವರಿಗೆ ಕಾರಣ ಗೊತ್ತು. ಹೀಲನ್ನು ತಿರುಪಿ ತೆಗೆದುಬಿಟ್ಟರೆ ಆಯಿತಲ್ಲ ಎನಿಸುತ್ತದೆ. ಆಗುವುದಿಲ್ಲ. ಶೂ ಮಾಡುವವರು ಮೊದಲು ಪಾದದ ಆಕಾರದ ಒಂದು ಅಚ್ಚಿನ ಮೇಲೆ ಚರ್ಮ ಎಳೆದು ಕೂರಿಸುತ್ತಾರೆ. ಆ ಅಚ್ಚು ಒಂದು ನಿರ್ದಿಷ್ಟ ಹೀಲಿನ ಎತ್ತರಕ್ಕೆಂದೇ ಮಾಡಿದ್ದು. ಹೀಲಿನಿಂದ ಬೆರಳಬುಡದವರೆಗೆ ಅಟ್ಟೆಯೊಳಗೆ ಒಂದು ಬಾಗಿದ ಉಕ್ಕಿನ ಪಟ್ಟಿ ಇರುತ್ತದೆ, ಅಂಗಾಲಿನ ಕಮಾನನ್ನು ಹೊರುವುದು ಅದೇ. ಹೀಲು ತೆಗೆದರೂ ಆ ಪಟ್ಟಿ ಬಾಗಿದಂತೆಯೇ ಇರುತ್ತದೆ. ಪರಿಣಾಮ, ಹಿಮ್ಮಡಿ ನೆಲಕ್ಕೆ ತಾಗಿದರೆ ಚಪ್ಪಲಿಯ ಮೂತಿ ಮೇಲೆದ್ದು ನಿಲ್ಲುತ್ತದೆ, ದೋಣಿಯ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಓದುತ್ತಿದ್ದ ಹೇಲಿ ಪವೋನ್ ಎಂಬ ಹುಡುಗಿ 2016ರಲ್ಲಿ ಈ ಗಂಟಿಗೆ ಕೈಹಾಕಿದಳು. ಒಂದು ಸಮಾರಂಭದಲ್ಲಿ ಕಾಲುನೋವು ತಡೆಯಲಾರದೆ ಹೀಲಿನ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿದ್ದವಳ ಪಾದವನ್ನು ಇನ್ನೊಬ್ಬಳ ಹೀಲು ತುಳಿದಿತ್ತು. ಅವಳ ಚಪ್ಪಲಿಯಲ್ಲಿ ಹೀಲಿನ ಜೊತೆಗೆ ಕಮಾನು ಹೊರುವ ಪಟ್ಟಿಯೂ ಕಳಚಿ ಬರುತ್ತದೆ, ಉಳಿದ ಅಟ್ಟೆ ಮೆತ್ತಗೆ ಬಾಗಿ ಚಪ್ಪಟೆಯಾಗುತ್ತದೆ. ಈಗ ಅದು ಒಂದು ಕಂಪನಿಯೇ ಆಗಿದೆ.

ನನಗೆ ಇದಕ್ಕಿಂತ ಮನಸ್ಸಿಗೆ ಹತ್ತಿರವಾದದ್ದು ಬೆಳೆಯುವ ಚಪ್ಪಲಿಯ ಕಥೆ. ಕೆಂಟನ್ ಲೀ ಎಂಬ ಅಮೆರಿಕದ ತರುಣ 2007ರಲ್ಲಿ ಕೀನ್ಯಾದ ನೈರೋಬಿಯಲ್ಲಿದ್ದಾಗ ಒಬ್ಬ ಪುಟ್ಟ ಹುಡುಗಿಯನ್ನು ಕಂಡ. ಅವಳ ಶೂ ಅದೆಷ್ಟು ಚಿಕ್ಕದಾಗಿತ್ತೆಂದರೆ ಬೆರಳು ಹೊರಬರಲೆಂದು ಮುಂದಿನ ಭಾಗವನ್ನೇ ಕತ್ತರಿಸಿದ್ದರು. ಬೆಳೆಯುವ ಮಕ್ಕಳಿಗೆ ಬೆಳೆಯುವ ಶೂ ಯಾಕಿರಬಾರದು ಎಂಬ ಪ್ರಶ್ನೆಯಿಂದ ಹುಟ್ಟಿದ ಚಪ್ಪಲಿ ಗುಂಡಿ ಮತ್ತು ಪಟ್ಟಿಗಳ ಸಹಾಯದಿಂದ ಐದು ಸೈಜಿನವರೆಗೆ ಹಿಗ್ಗುತ್ತದೆ. ನಮ್ಮಲ್ಲಿಯೇ ಪುಣೆಯ ಸತ್ಯಜಿತ್ ಮಿತ್ತಲ್ ಮತ್ತು ಕೃತಿಕಾ ಲಾಲ್ ಅರೆಟ್ಟೊ ಎಂಬ ಹೆಸರಿನಲ್ಲಿ ಪಾದದ ಜೊತೆ ತಾನೂ ಹಿಗ್ಗುವ ಮಕ್ಕಳ ಶೂ ತಂದಿದ್ದಾರೆ. ಮಿತ್ತಲ್ ವಿನ್ಯಾಸವನ್ನೇ ಓದಿದವರು.

ಸೈಜು ಎಂದೆನಲ್ಲ, ತಂದೆತಾಯಂದಿರಿಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಹೇಳುವ ಆರು, ಏಳು, ಎಂಟು ಎಂಬ ಇಂಗ್ಲಿಷ್ ಅಳತೆ ಹುಟ್ಟಿದ್ದು ಬಾರ್ಲಿ ಕಾಳಿನಿಂದ. ಮೂರು ಕಾಳು ಸಾಲಾಗಿಟ್ಟರೆ ಒಂದು ಅಂಗುಲ, ಒಂದು ಕಾಳಿಗೆ ಒಂದು ಸೈಜು. ಅಂದರೆ ಒಂದು ಸೈಜಿಗೂ ಇನ್ನೊಂದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡದು ತಂದರೆ ಮಗು ಪಾದವನ್ನು ಎಳೆದುಕೊಂಡು ನಡೆಯುವುದನ್ನು ಕಲಿಯುತ್ತದೆ. ಹೆಬ್ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು. ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ನಡೆದ ಪಾದ ಬೆಳಗಿನದಕ್ಕಿಂತ ತುಸು ಊದಿರುತ್ತದೆ.

ಮತ್ತೆ ಹೊಸಬಾಳೆಗೆ ಬರೋಣ. ಗದ್ದೆಯಲ್ಲಿ ಅಟ್ಟೆ ಕಳೆದುಕೊಂಡ ಹುಡುಗನನ್ನು ಕರೆದುಕೊಂಡು ಸೊರಬಕ್ಕೆ ಹೋದೆ. ಬಸ್ ನಿಲ್ದಾಣದ ಸಮೀಪ ಕೊಡೆ, ಚಪ್ಪಲಿ ಎರಡನ್ನೂ ರಿಪೇರಿ ಮಾಡುವ ಒಬ್ಬ ಹಿರಿಯರು ಕೂರುತ್ತಾರೆ. ಶೂವನ್ನು ಅವರ ಕೈಗೆ ಕೊಟ್ಟೆವು. ತಿರುಗಿಸಿ ನೋಡಿ, ಎರಡು ತುದಿ ಹಿಡಿದು ಒಮ್ಮೆ ಮಡಚಿ, "ತಮ್ಮಾ, ಕಾಲು ಎಲ್ಲಿ ಮಡಚುತ್ತೆ?" ಎಂದು ಕೇಳಿದರು. ಹುಡುಗ ಹೆಬ್ಬೆರಳಿನ ಬುಡ ತೋರಿಸಿದ. "ಸರಿಯಾಗಿ ಅಲ್ಲೇ ಜೋಡಿಸಿದೀಯಲ್ಲ. ಹೆಜ್ಜೆಗೊಂದು ಸಲ ಎಳಿತದೆ, ಯಾವ ಬಟನ್ ತಡಿತದೆ? ಮಡಚದೇ ಇರೋ ಜಾಗದಲ್ಲಿ ಜೋಡಿಸು. ಮತ್ತೆ ನೆಲದಿಂದ ಮೇಲಿರ್ಲಿ, ಕೆಸರು ಕುಡಿಯೋ ಹತ್ರ ಬೇಡ."

ನಾಲ್ಕು ವಾಕ್ಯ. ಭೌತಶಾಸ್ತ್ರದ ಪುಸ್ತಕದಲ್ಲಿ ಒತ್ತಡ, ಬಾಗುವಿಕೆ ಎಂದು ಪುಟಗಟ್ಟಲೆ ಓದಿದ್ದ ಹುಡುಗ ಬೆಪ್ಪಾಗಿ ನಿಂತ. ಅಂಗಾಲಿನ ಕಮಾನಿನ ಕೆಳಗೆ ಶೂ ಮಡಚುವುದಿಲ್ಲ, ನೆಲಕ್ಕೂ ತಾಗುವುದಿಲ್ಲ. ಜೋಡಣೆಗೆ ಅದೇ ಸರಿಯಾದ ಜಾಗ. ಆ ಹಿರಿಯರು ಇನ್ನೊಂದು ಮಾತನ್ನೂ ಹೇಳಿದರು. ಶೂವನ್ನು ಚಪ್ಪಲಿ ಮಾಡುವುದಕ್ಕಿಂತ ಚಪ್ಪಲಿಯನ್ನು ಶೂ ಮಾಡುವುದು ಸುಲಭವಂತೆ. ಯೋಚಿಸಿದರೆ ಹೌದು. ಶೂವಿನ ಗಟ್ಟಿತನವೆಲ್ಲ ಹೊದಿಕೆ ಅಟ್ಟೆಯನ್ನು ಸುತ್ತಲೂ ಬಿಗಿದು ಹಿಡಿದಿರುವುದರಲ್ಲಿದೆ, ಬಿಚ್ಚಿದರೆ ಅದು ಅರ್ಧ ಸತ್ತ ಹಾಗೆ. ಚಪ್ಪಲಿಯೋ ತನ್ನಷ್ಟಕ್ಕೆ ಪೂರ್ಣ, ಅದರ ಮೇಲೆ ಏನನ್ನಾದರೂ ಸೇರಿಸಬಹುದು.

ಹುಡುಗ ನಾಲ್ಕು ಸಂಜೆ ಕಾಲೇಜು ಬಿಟ್ಟ ಮೇಲೆ ಅವರ ಪಕ್ಕದಲ್ಲಿ ಕುಳಿತ. ರಂಪಿಗೆ ಹಿಡಿಯುವುದು ಹೇಗೆ, ಮೇಣ ತಿಕ್ಕಿದ ದಾರದಿಂದ ಎರಡು ಕಡೆಯಿಂದ ಹೊಲಿಯುವುದು ಹೇಗೆ ಎಂದು ಕಲಿತ. ಈಗಿನ ಮಾದರಿ ಹಿಮ್ಮಡಿಗೆ ಪಟ್ಟಿಯಿರುವ ಒಂದು ರಬ್ಬರ್ ಅಟ್ಟೆಯ ಸ್ಯಾಂಡಲ್. ಹಳೆಯ ಶೂವಿನ ಹೊದಿಕೆಯಿಂದ ಮಾಡಿದ ಮುಸುಕು ಅದರ ಮುಂದಿನ ಪಟ್ಟಿಯ ಕೆಳಗೆ ನುಸುಳಿ ಬೆರಳುಗಳನ್ನು ಮುಚ್ಚುತ್ತದೆ, ಹಿಂದೆ ಕಮಾನಿನ ಬಳಿ ಒಂದು ಬಕಲ್. ಮಳೆಯಲ್ಲಿ ಮುಸುಕು ಪುಸ್ತಕದ ಚೀಲದಲ್ಲಿ ಒಣಗಿರುತ್ತದೆ, ಕಾಲೇಜಿನಲ್ಲಿ ಕಾಲು ತೊಳೆದ ಮೇಲೆ ಹೊರಬರುತ್ತದೆ. ಮೂತಿ ಕೊಂಚ ಕಪ್ಪೆಯ ಹಾಗೆ ಉಬ್ಬಿದೆ ಎಂಬುದನ್ನು ಅವನೇ ಒಪ್ಪುತ್ತಾನೆ. ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಹನಿ ನೀರಾವರಿಯ ಮಾದರಿಗೆ ಬಂತು.

ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಮತ್ತು ಸಾಕ್ಸ್ ಕೊಡುವ ಯೋಜನೆ ಕರ್ನಾಟಕದಲ್ಲಿ 2015-16ರಲ್ಲಿ ಆರಂಭವಾಯಿತು. ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲು ಚಪ್ಪಲಿಯನ್ನೂ ಕೊಡಬಹುದು ಎಂದು ಅನಂತರದ ಸುತ್ತೋಲೆಗಳಲ್ಲಿ ಅವಕಾಶ ಮಾಡಿದರು. ಅಂದರೆ ಬಳ್ಳಾರಿಯ ಬಿಸಿಲಿಗೂ ಸೊರಬದ ಮಳೆಗೂ ಒಂದೇ ಶೂ ಸರಿಹೋಗದು ಎಂಬುದು ಇಲಾಖೆಗೂ ಗೊತ್ತು. ಆದರೆ ಒಂದೇ ಊರಿನಲ್ಲಿ ಜುಲೈಗೂ ಜನವರಿಗೂ ಸರಿಹೋಗುವುದು ಯಾವುದು?

ಈಗ ಭಾವನ ಪ್ರಶ್ನೆ. ಸೈನ್ಸ್ ಓದಿದವನು ಮೆಟ್ಟು ಹೊಲಿಯಬೇಕೆ? ಭಾವ ಒಳ್ಳೆಯ ಮನುಷ್ಯರು, ಈ ಮಾತು ಅವರೊಬ್ಬರದ್ದೂ ಅಲ್ಲ. ಮಗ ಕಾರಿನ ಟೈರು ವಿನ್ಯಾಸ ಮಾಡುತ್ತೇನೆಂದರೆ ಬೀಗುವ ಅಪ್ಪ, ಪಾದಕ್ಕೆ ಹಾಕುವುದನ್ನು ವಿನ್ಯಾಸ ಮಾಡುತ್ತೇನೆಂದರೆ ಮುಖ ಸಿಂಡರಿಸುತ್ತಾನೆ. ಎರಡೂ ರಬ್ಬರೇ, ಎರಡೂ ನೆಲಕ್ಕೆ ಉಜ್ಜುವುದೇ. ವ್ಯತ್ಯಾಸ ಇರುವುದು ಚರ್ಮದ ಕೆಲಸವನ್ನು ನಾವು ಯಾರ ತಲೆಗೆ ಕಟ್ಟಿದ್ದೇವೆ ಎಂಬುದರಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ದಂಪತಿ ಬಸವಣ್ಣನಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆ ಮಾಡಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ, ಭಾಷಣದಲ್ಲಿ ಹೇಳುತ್ತೇವೆ. ಅದೇ ಕೆಲಸ ಮನೆಯ ಹುಡುಗನ ಕೈಗೆ ಬಂದರೆ ಕಸಿವಿಸಿ.

ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ಹೋದರೆ ಈ ವಿದ್ಯೆಯ ಇನ್ನೊಂದು ಮುಖ ಕಾಣುತ್ತದೆ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಯಲ್ಲಿ ಬಹಳಷ್ಟು ಹುಟ್ಟುವುದು ಅಲ್ಲಿನ ಮನೆಗಳ ಪಡಸಾಲೆಯಲ್ಲಿ. ಗಿಡಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮ, ಒಂದು ಮೊಳೆಯೂ ಇಲ್ಲದೆ ಚರ್ಮದ ಎಳೆಯಿಂದಲೇ ಹೊಲಿಗೆ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರು, ಜಡೆ ಹೆಣೆಯುವುದು, ಹೊಲಿಯುವುದು ಹೆಂಗಸರು. 1990ರ ದಶಕದ ಕೊನೆಗೆ ಟೋಹೋಲ್ಡ್ ಎಂಬ ಹೆಸರಿನಲ್ಲಿ ಅಥಣಿಯ ಕುಶಲಕರ್ಮಿಗಳು ಒಟ್ಟುಗೂಡಿ, ಹೊಸ ವಿನ್ಯಾಸಗಳನ್ನು ಕಲಿತು ಹೊರದೇಶಗಳಿಗೂ ಚಪ್ಪಲಿ ಕಳಿಸಿದರು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಈ ಚಪ್ಪಲಿಯ ಭೌಗೋಳಿಕ ಗುರುತು ಸಿಕ್ಕಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇದೇ ಬಗೆಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿ ಗದ್ದಲವಾಯಿತು, ಆಮೇಲೆ ಸ್ಫೂರ್ತಿ ಭಾರತದ್ದೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ಸಂಸ್ಥೆಗಳ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು. ಮಿಲಾನಿನವರಿಗೆ ನಾಚಿಕೆಯಿಲ್ಲದ ಕೆಲಸ!

ಇದನ್ನು ಓದಾಗಿ ಕಲಿಯುವ ದಾರಿಗಳಿವೆ. ನೋಯ್ಡಾದಲ್ಲಿ 1986ರಲ್ಲಿ ಆರಂಭವಾದ ಪಾದರಕ್ಷೆ ವಿನ್ಯಾಸ ಮತ್ತು ಅಭಿವೃದ್ಧಿ ಸಂಸ್ಥೆ, ಎಂದರೆ ಎಫ್‌ಡಿಡಿಐ, ಈಗ ದೇಶದ ಹಲವು ಕಡೆ ಶಾಖೆಗಳನ್ನು ಹೊಂದಿದೆ. ಸಂಸತ್ತು 2017ರ ಕಾಯ್ದೆಯ ಮೂಲಕ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಮಾಡಿತು. ಎರಡನೆಯ ಪಿಯುಸಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಪದವಿಗೆ ಸೇರಬಹುದು. ಚೆನ್ನೈಯಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿದೆ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಭಾವನ ಮುಂದಿಟ್ಟೆ. ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಮಾತಾಡಲಿಲ್ಲ. ಎಸೆಯಲಿಲ್ಲ ಎಂಬುದನ್ನು ಅಕ್ಕ ಆಮೇಲೆ ಫೋನಿನಲ್ಲಿ ಹೇಳಿದಳು.

ಹೊರಡುವ ದಿನ ಹುಡುಗನ ಜೊತೆ ಮತ್ತೆ ಬಸ್ ನಿಲ್ದಾಣಕ್ಕೆ ಬಂದೆ. ಆ ಹಿರಿಯರಿಗೆ ಹಣ ಕೊಡಲು ಹೋದರೆ ಕೈ ಅಡ್ಡ ಮಾಡಿದರು. ಕಪ್ಪೆಮೂತಿಯ ಸ್ಯಾಂಡಲನ್ನು ಎತ್ತಿ ನೋಡಿ, "ಇದನ್ನ ಎಷ್ಟಕ್ಕೆ ಮಾರ್ತೀಯ ತಮ್ಮಾ?" ಎಂದರು. ಹುಡುಗ ನೋಟ್‌ಬುಕ್ ತೆಗೆದು ಲೆಕ್ಕ ಓದಿದ. ಸ್ಯಾಂಡಲ್‌ಗೆ ಇನ್ನೂರು, ಬಕಲ್ ಎರಡಕ್ಕೆ ಇಪ್ಪತ್ತು, ದಾರ ಮತ್ತು ಮೇಣಕ್ಕೆ ಹತ್ತು, ಹೊದಿಕೆಯ ಚರ್ಮ ಹಳೆಯದಾದ್ದರಿಂದ ಏನೂ ಇಲ್ಲ, ಒಟ್ಟು ಇನ್ನೂರ ಮೂವತ್ತು.

"ಮತ್ತೆ ನಾಲ್ಕು ಸಂಜೆ ಕೂತು ಹೊಲಿದೆಯಲ್ಲ, ಅದರ ಕೂಲಿ?"

ಹುಡುಗ ನನ್ನ ಮುಖ ನೋಡಿದ. ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಅವನು ಆ ಹಿರಿಯರ ಪಕ್ಕದ ಗೋಣಿತಾಟಿನ ಮೇಲೆ ಕುಳಿತು, ಒಟ್ಟು ಎಂಬ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದ.